ವಾಟ್ಸ್‌ಆ್ಯಪ್‌ನಲ್ಲಿ ಕುಣಿಯುವ ಜಿಫ್ ಸ್ಲೈಡಿಗೆ ಹಾಕಿದರೆ ಏಕೆ ನಿಲ್ಲುತ್ತದೆ?

ನಾಳೆ ಬೆಳಗ್ಗೆ ಶಾಲೆಯಲ್ಲಿ ಹೃದಯದ ಪಾಠ. ಶಿಕ್ಷಕರ ಗ್ರೂಪಿಗೆ ಯಾರೋ ಒಂದು ಚಂದದ ಚಿತ್ರ ಕಳಿಸಿದ್ದಾರೆ. ಹೃದಯ ಲಬ್‌ಡಬ್ ಎಂದು ಬಡಿಯುತ್ತಿದೆ, ಕವಾಟಗಳು ತೆರೆದು ಮುಚ್ಚುತ್ತಿವೆ, ರಕ್ತ ಹರಿಯುತ್ತಿದೆ. ಇದನ್ನು ಪವರ್‌ಪಾಯಿಂಟ್ ಸ್ಲೈಡಿಗೆ ಹಾಕಿದರೆ ಅರ್ಧ ಪಾಠ ಮುಗಿದಂತೆ ಎಂದುಕೊಂಡು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತೀರಿ. ಆದರೆ ಚಿತ್ರ ಸೇರಿಸುವ ಕಿಟಕಿಯಲ್ಲಿ ಆ ಫೈಲೇ ಕಾಣುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಹೃದಯ ನಿಂತೇಹೋಗಿದೆ!

ಗ್ರೂಪಿನಲ್ಲಿ ಕೇಳಿದರೆ ಉತ್ತರಗಳಿಗೇನೂ ಬರವಿಲ್ಲ. "ನಿಮ್ಮ ಪವರ್‌ಪಾಯಿಂಟ್ ಹಳೆಯದು" ಎನ್ನುತ್ತಾರೆ ಒಬ್ಬರು. "ಫೈಲಿನ ಹೆಸರಿನ ಕೊನೆಗೆ ಜಿಐಎಫ್ ಅಂತ ಬದಲಾಯಿಸಿ, ಸರಿಹೋಗುತ್ತೆ" ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಒಂದು ಫಾರ್ವರ್ಡ್ ಅಂಟಿಸುತ್ತಾರೆ: "ಎಚ್ಚರ! ಇಂಥ ಚಿತ್ರಗಳ ಮೂಲಕ ಹ್ಯಾಕರ್‌ಗಳು ಬ್ಯಾಂಕ್ ಖಾತೆ ಖಾಲಿ ಮಾಡುತ್ತಾರೆ. ತಕ್ಷಣ ಅಳಿಸಿ!"

ಈ ಮೂರರಲ್ಲಿ ಮೊದಲನೆಯದು ಹೆಚ್ಚಿನ ಸಲ ತಪ್ಪು. ಎರಡನೆಯದು ಪೂರ್ತಿ ತಪ್ಪು. ಮೂರನೆಯದರಲ್ಲಿ ಒಂದು ಚೂರು ನಿಜವಿದೆ, ಉಳಿದದ್ದು ಹೆದರಿಕೆ. ಯಾರೂ ಹೇಳದೇ ಬಿಟ್ಟ ನಾಲ್ಕನೆಯ ವಿಷಯವೊಂದಿದೆ, ಅದು ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ್ದು. ಒಂದೊಂದಾಗಿ ನೋಡೋಣ.

ಜಿಫ್ ಅಂದರೆ ಏನು?

ಚಿಕ್ಕಂದಿನಲ್ಲಿ ನೋಟ್‌ಬುಕ್ಕಿನ ಹಾಳೆಗಳ ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ಬದಲಾಗುವ ಚಿತ್ರಗಳನ್ನು ಬರೆದು, ಹಾಳೆಗಳನ್ನು ಹೆಬ್ಬೆರಳಿನಿಂದ ಪಟಪಟ ಬಿಟ್ಟರೆ ಚಿತ್ರ ಓಡುವಂತೆ ಕಾಣುತ್ತಿತ್ತಲ್ಲ? ಜಿಫ್ ಎಂದರೆ ಅದೇ. ಒಂದೇ ಫೈಲಿನೊಳಗೆ ಹಲವು ನಿಂತ ಚಿತ್ರಗಳಿರುತ್ತವೆ. ಪ್ರತಿ ಚಿತ್ರವನ್ನು ಎಷ್ಟು ಹೊತ್ತು ತೋರಿಸಬೇಕು ಎಂಬುದನ್ನು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅದರೊಳಗೇ ಬರೆದಿರುತ್ತದೆ. ಶಬ್ದ ಇರುವುದಿಲ್ಲ.

ಇದು ಹುಟ್ಟಿದ್ದು 1987ರಲ್ಲಿ, ಅಮೆರಿಕದ ಕಂಪ್ಯೂಸರ್ವ್ ಎಂಬ ಕಂಪನಿಯಲ್ಲಿ. ರೂಪಿಸಿದ ತಂಡದ ಮುಖ್ಯಸ್ಥ ಸ್ಟೀವ್ ವಿಲ್‌ಹೈಟ್. ಆಗ ಫೋನ್ ತಂತಿಯ ಮೂಲಕ ನಿಧಾನವಾಗಿ ಬರುತ್ತಿದ್ದ ಚಿತ್ರಗಳನ್ನು ಚಿಕ್ಕದಾಗಿಸುವುದೇ ಉದ್ದೇಶವಾಗಿತ್ತು. 1989ರ ಆವೃತ್ತಿಯಲ್ಲಿ ಚಿತ್ರಗಳ ನಡುವಿನ ಅಂತರವನ್ನು ನಿಗದಿ ಮಾಡುವ ಸೌಲಭ್ಯ ಬಂತು. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಒಂದು ಸಣ್ಣ ಸೇರ್ಪಡೆ ಮಾಡಿತು: ಕೊನೆಯ ಚಿತ್ರ ಬಂದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡುವ ಸೂಚನೆ. ನಾವು ನೋಡುವ, ಸುತ್ತಿ ಸುತ್ತಿ ಬರುವ ಜಿಫ್ ಶುರುವಾಗಿದ್ದು ಹಾಗೆ.

"ಜಿಫ್" ಅನ್ನಬೇಕೋ "ಗಿಫ್" ಅನ್ನಬೇಕೋ ಎಂಬ ಜಗಳ ಜಗತ್ತಿನಲ್ಲಿ ಇನ್ನೂ ಮುಗಿದಿಲ್ಲ. ವಿಲ್‌ಹೈಟ್ ಅವರು ಹೇಳಿದ್ದು ಜಿಫ್ ಎಂದು. ಇಲ್ಲಿಯೂ ಹಾಗೇ ಬರೆದಿದ್ದೇವೆ.

ಒಂದು ಮಿತಿಯನ್ನು ನೆನಪಿಡಿ. ಇಂದಿನ ಫೋನ್ ಪರದೆ 1 ಕೋಟಿ 67 ಲಕ್ಷ ಬಣ್ಣಗಳನ್ನು ತೋರಿಸಬಲ್ಲದು. ಜಿಫ್‌ನ ಒಂದು ಚೌಕಟ್ಟಿನಲ್ಲಿ ಇರಬಹುದಾದದ್ದು ಹೆಚ್ಚೆಂದರೆ 256 ಬಣ್ಣ. ರೇಖಾಚಿತ್ರಕ್ಕೆ, ಕಾರ್ಟೂನಿಗೆ ಇಷ್ಟು ಧಾರಾಳವಾಗಿ ಸಾಕು. ಕ್ಯಾಮೆರಾದಲ್ಲಿ ತೆಗೆದ ದೃಶ್ಯವನ್ನು ಜಿಫ್ ಮಾಡಿದರೆ ಮಾತ್ರ ಮುಖದ ಮೇಲೆ, ಆಕಾಶದ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುವುದು ಇದೇ ಕಾರಣಕ್ಕೆ.

ನಂಬಿಕೆ 1: "ಪವರ್‌ಪಾಯಿಂಟ್ ಹಳೆಯದಾದ್ದರಿಂದ ಓಡುತ್ತಿಲ್ಲ"

ವಾಸ್ತವ: ವಾಟ್ಸ್‌ಆ್ಯಪ್‌ನಲ್ಲಿ ನೀವು ನೋಡುವ ಜಿಫ್ ಜಿಫ್ ಅಲ್ಲವೇ ಅಲ್ಲ.

ವಿಚಿತ್ರ ಅನ್ನಿಸಬಹುದು, ಆದರೆ ನೀವೇ ಪರೀಕ್ಷಿಸಬಹುದು. ಆಂಡ್ರಾಯ್ಡ್ ಫೋನಿನ ಫೈಲ್ಸ್ ಆ್ಯಪ್ ತೆರೆದು ವಾಟ್ಸ್‌ಆ್ಯಪ್‌ನ ಮೀಡಿಯಾ ಫೋಲ್ಡರಿಗೆ ಹೋಗಿ. ಅಲ್ಲಿ "ವಾಟ್ಸ್‌ಆ್ಯಪ್ ಆನಿಮೇಟೆಡ್ ಜಿಫ್ಸ್" ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ಯಾವುದಾದರೂ ಫೈಲಿನ ವಿವರ ನೋಡಿ. ಹೆಸರಿನ ಕೊನೆಯಲ್ಲಿ ಜಿಐಎಫ್ ಇರುವುದಿಲ್ಲ, ಎಂಪಿ4 ಎಂದಿರುತ್ತದೆ. ಅಂದರೆ ಅದೊಂದು ವಿಡಿಯೋ. ಶಬ್ದವಿಲ್ಲದ, ತಾನಾಗಿಯೇ ಸುತ್ತಿ ಓಡುವಂತೆ ತೋರಿಸುವ ವಿಡಿಯೋ.

ಹೀಗೇಕೆ ಮಾಡುತ್ತಾರೆ? ಡೇಟಾ ಉಳಿಸಲು. ವಿಡಿಯೋ ಒತ್ತುವ ಇಂದಿನ ವಿಧಾನಗಳು ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಏನು ಸರಿದಿದೆ, ಎಲ್ಲಿಗೆ ಸರಿದಿದೆ ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳುತ್ತವೆ. 1980ರ ದಶಕದ ಜಿಫ್‌ಗೆ ಆ ಜಾಣತನ ಇಲ್ಲ. ಅದೇ ದೃಶ್ಯ ಜಿಫ್ ಆಗಿದ್ದರೆ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ. ಟ್ವಿಟರ್ ಕೂಡ 2014ರಲ್ಲಿ ಜಿಫ್‌ಗಳಿಗೆ ಅವಕಾಶ ಕೊಟ್ಟಾಗಲೇ ಅವನ್ನು ಒಳಗೊಳಗೇ ವಿಡಿಯೋ ಮಾಡಿ ತೋರಿಸಲು ಆರಂಭಿಸಿತು. ವಾಟ್ಸ್‌ಆ್ಯಪ್‌ನ ಕುಣಿಯುವ ಸ್ಟಿಕರ್‌ಗಳದು ಮತ್ತೊಂದು ಕಥೆ. ಅವು ವೆಬ್‌ಪಿ ಎಂಬ ಬೇರೆಯೇ ಬಗೆಯ ಫೈಲ್‌ಗಳು.

ಈಗ ಕಾರಣ ಸ್ಪಷ್ಟವಾಯಿತು. ನೀವು ಚಿತ್ರ ಸೇರಿಸುವ ಕಿಟಕಿ ತೆರೆದಿದ್ದೀರಿ, ಆದರೆ ನಿಮ್ಮ ಕೈಯಲ್ಲಿರುವುದು ವಿಡಿಯೋ. ಹಾಗಾಗಿ ಅದು ಪಟ್ಟಿಯಲ್ಲೇ ಬರಲಿಲ್ಲ. ಇದರಲ್ಲಿ ನಿಮ್ಮ ಲ್ಯಾಪ್‌ಟಾಪಿನ ತಪ್ಪೂ ಇಲ್ಲ, ಪವರ್‌ಪಾಯಿಂಟಿನ ತಪ್ಪೂ ಇಲ್ಲ.

ನಂಬಿಕೆ 2: "ಹೆಸರು ಬದಲಾಯಿಸಿದರೆ ಜಿಫ್ ಆಗುತ್ತದೆ"

ವಾಸ್ತವ: ಅಕ್ಕಿ ಡಬ್ಬಕ್ಕೆ "ಸಕ್ಕರೆ" ಎಂದು ಚೀಟಿ ಅಂಟಿಸಿದರೆ ಕಾಫಿ ಸಿಹಿಯಾಗುವುದಿಲ್ಲ.

ಫೈಲಿನ ಹೆಸರಿನ ಕೊನೆಯ ಮೂರು ನಾಲ್ಕು ಅಕ್ಷರ ಬರೀ ಚೀಟಿ. ಒಳಗಿನ ಸರಕು ಬದಲಾಗಬೇಕಾದರೆ ಅದನ್ನು ಪರಿವರ್ತಿಸುವ ತಂತ್ರಾಂಶ ಬೇಕು. ನಿಜವಾದ ಜಿಫ್ ಫೈಲಿನ ಮೊದಲ ಆರು ಅಕ್ಷರಗಳು ಜಿಐಎಫ್87ಎ ಅಥವಾ ಜಿಐಎಫ್89ಎ ಎಂದೇ ಇರುತ್ತವೆ. ಅಂಥ ಆರಂಭ ಇಲ್ಲದ ಫೈಲಿಗೆ ಎಷ್ಟು ಹೆಸರಿಟ್ಟರೂ ಅದು ಜಿಫ್ ಆಗದು.

ಹಾಗಾದರೆ ಮಾಡಬೇಕಾದ್ದೇನು? ಎರಡು ದಾರಿ

ದಾರಿ 1: ವಿಡಿಯೋವನ್ನು ವಿಡಿಯೋ ಆಗಿಯೇ ಹಾಕಿ. ಪರಿವರ್ತನೆಯ ಗೊಡವೆಯೇ ಬೇಡ.

• ಪವರ್‌ಪಾಯಿಂಟ್‌ನಲ್ಲಿ ಇನ್ಸರ್ಟ್ ಮೆನುವಿಗೆ ಹೋಗಿ ವಿಡಿಯೋ, ಆಮೇಲೆ ದಿಸ್ ಡಿವೈಸ್ ಒತ್ತಿ ಫೈಲ್ ಆರಿಸಿ.
• ಸ್ಲೈಡಿನಲ್ಲಿ ಬಂದ ವಿಡಿಯೋ ಮೇಲೆ ಕ್ಲಿಕ್ ಮಾಡಿದರೆ ಮೇಲ್ಗಡೆ ಪ್ಲೇಬ್ಯಾಕ್ ಎಂಬ ಮೆನು ಬರುತ್ತದೆ.
• ಅಲ್ಲಿ ಸ್ಟಾರ್ಟ್ ಎಂಬಲ್ಲಿ ಆಟೋಮ್ಯಾಟಿಕಲಿ ಆರಿಸಿ.
• ಲೂಪ್ ಅಂಟಿಲ್ ಸ್ಟಾಪ್ಡ್ ಎಂಬ ಚೌಕಕ್ಕೆ ಟಿಕ್ ಹಾಕಿ.

ಇಷ್ಟೇ. ಸ್ಲೈಡ್ ಬಂದ ಕೂಡಲೇ ಹೃದಯ ಬಡಿಯಲು ಶುರುವಾಗುತ್ತದೆ, ಮುಂದಿನ ಸ್ಲೈಡಿಗೆ ಹೋಗುವವರೆಗೆ ಬಡಿಯುತ್ತಲೇ ಇರುತ್ತದೆ. ಇದರಲ್ಲಿ ಜಿಫ್‌ಗಿಲ್ಲದ ಒಂದು ಲಾಭವೂ ಇದೆ: ಬೇಕೆಂದಾಗ ನಿಲ್ಲಿಸಬಹುದು. "ನೋಡಿ, ಈಗ ಈ ಕವಾಟ ಮುಚ್ಚಿದೆ" ಎಂದು ಬೆರಳು ತೋರಿಸಿ ವಿವರಿಸಬೇಕಾದ ಪಾಠಕ್ಕೆ ಇದೇ ಒಳ್ಳೆಯದು.

ದಾರಿ 2: ನಿಜವಾದ ಜಿಫ್ ಫೈಲನ್ನೇ ತರಿಸಿಕೊಳ್ಳಿ. ಮೂಲ ಫೈಲ್ ಯಾರ ಬಳಿ ಇದೆಯೋ ಅವರಿಗೆ ಹೀಗೆ ಹೇಳಿ: "ಗ್ಯಾಲರಿಯಿಂದ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ." ವಾಟ್ಸ್‌ಆ್ಯಪ್‌ನಲ್ಲಿ ಪಿನ್ನಿನ ಗುರುತು ಒತ್ತಿ ಡಾಕ್ಯುಮೆಂಟ್ ಆರಿಸಿ ಕಳಿಸಿದರೆ ಫೈಲ್ ಯಾವ ಬದಲಾವಣೆಯೂ ಇಲ್ಲದೆ ಹಾಗೇ ತಲುಪುತ್ತದೆ. ಇಮೇಲ್ ಮೂಲಕ ಅಥವಾ ಗೂಗಲ್ ಡ್ರೈವ್ ಮೂಲಕವೂ ಆದೀತು.

ನಿಜವಾದ ಜಿಫ್ ಕೈಗೆ ಬಂದ ಮೇಲೆ ಕೆಲಸ ಸುಲಭ. ಪವರ್‌ಪಾಯಿಂಟ್‌ನಲ್ಲಿ ಇನ್ಸರ್ಟ್, ಪಿಕ್ಚರ್ಸ್, ದಿಸ್ ಡಿವೈಸ್. ಗೂಗಲ್ ಸ್ಲೈಡ್ಸ್‌ನಲ್ಲಾದರೆ ಇನ್ಸರ್ಟ್, ಇಮೇಜ್, ಅಪ್‌ಲೋಡ್ ಫ್ರಮ್ ಕಂಪ್ಯೂಟರ್. ಫೋಟೋ ಹಾಕುವ ಹಾಗೆಯೇ. ಆನಿಮೇಶನ್ಸ್ ಎಂಬ ಮೆನುವಿನ ಸಹವಾಸ ಬೇಡ. ಅದು ಚಿತ್ರ ಎಡದಿಂದ ಹಾರಿ ಬರಬೇಕೋ, ಮಸುಕಾಗಿ ಮೂಡಬೇಕೋ ಎಂದು ನಿಗದಿ ಮಾಡುವ ಜಾಗ. ಚಿತ್ರದೊಳಗಿನ ಚಲನೆಗೂ ಅದಕ್ಕೂ ಸಂಬಂಧವಿಲ್ಲ.

ಆದರೂ ಓಡುತ್ತಿಲ್ಲವೇ? ಇವನ್ನು ನೋಡಿ

ಸ್ಲೈಡ್ ಶೋ ಆನ್ ಮಾಡಿದಿರಾ? ಪವರ್‌ಪಾಯಿಂಟಿನ ಹಲವು ಆವೃತ್ತಿಗಳಲ್ಲಿ ಸ್ಲೈಡ್ ತಯಾರಿಸುವಾಗ ಜಿಫ್ ನಿಂತೇ ಇರುತ್ತದೆ. ಗಾಬರಿಯಾಗಬೇಡಿ. ಶಿಫ್ಟ್ ಕೀಲಿ ಹಿಡಿದು ಎಫ್5 ಒತ್ತಿ, ಈಗಿನ ಸ್ಲೈಡ್ ಪೂರ್ಣ ಪರದೆಯಲ್ಲಿ ತೆರೆದಾಗ ಓಡುತ್ತದೆ.

ಕಾಪಿ-ಪೇಸ್ಟ್ ಮಾಡಿದಿರಾ? ಬ್ರೌಸರಿನಿಂದ ಚಿತ್ರವನ್ನು ಕಾಪಿ ಮಾಡಿ ಅಂಟಿಸಿದರೆ ಸಾಮಾನ್ಯವಾಗಿ ಒಂದೇ ಒಂದು ಚೌಕಟ್ಟು ಬರುತ್ತದೆ. ಸ್ಕ್ರೀನ್‌ಶಾಟಿಗಂತೂ ಚಲನೆ ಇರಲು ಸಾಧ್ಯವೇ ಇಲ್ಲ. ಮೊದಲು ಫೈಲ್ ಆಗಿ ಉಳಿಸಿಕೊಂಡು ಆಮೇಲೆ ಇನ್ಸರ್ಟ್ ಮಾಡಿ.

ಪಿಡಿಎಫ್ ಮಾಡಿದಿರಾ? ಸ್ಲೈಡುಗಳನ್ನು ಪಿಡಿಎಫ್ ಮಾಡಿದರೆ ಅಥವಾ ಪ್ರಿಂಟ್ ತೆಗೆದರೆ ಚಿತ್ರ ನಿಂತುಹೋಗುತ್ತದೆ. ಫೋನಿನಲ್ಲಿ ಎಲ್ಲರಿಗೂ ತೆರೆಯಲಿ ಎಂದು ಪಿಡಿಎಫ್ ಕಳಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಹಾಗೆ ಕಳಿಸುವುದಿದ್ದರೆ ನಿಂತ ಚಿತ್ರದಲ್ಲೂ ಅರ್ಥವಾಗುವಂತೆ ಪಕ್ಕದಲ್ಲಿ ಎರಡು ಸಾಲು ಬರೆದಿಡಿ.

ಒಂದೇ ಸುತ್ತು ಓಡಿ ನಿಲ್ಲುತ್ತದೆಯೇ? ಎಷ್ಟು ಸುತ್ತು ಎಂಬುದು ಜಿಫ್ ಫೈಲಿನೊಳಗೇ ಬರೆದಿರುತ್ತದೆ. ಮೇಲೆ ಹೇಳಿದ 1995ರ ಆ ಸುತ್ತುವ ಸೂಚನೆ ಇಲ್ಲದಿದ್ದರೆ ಒಂದೇ ಸಲ ಓಡುತ್ತದೆ. ಇದನ್ನು ಸ್ಲೈಡಿನಲ್ಲಿ ಸರಿಪಡಿಸಲಾಗದು, ಜಿಫ್ ತಯಾರಿಸುವ ತಂತ್ರಾಂಶದಲ್ಲಿ ಲೂಪ್ ಬದಲಿಸಿ ಮತ್ತೆ ಉಳಿಸಬೇಕು.

ಅಲಂಕಾರ ಮಾಡಿದಿರಾ? ಚಿತ್ರಕ್ಕೆ ಕೆಲವು ಎಫೆಕ್ಟುಗಳನ್ನು ಹಾಕಿದಾಗ ಅದು ನಿಂತ ಚಿತ್ರವಾಗಿ ಬದಲಾಗುವುದುಂಟು. ಏನೂ ಮಾಡದೆ ಒಮ್ಮೆ ಓಡಿಸಿ ನೋಡಿ. ಆಮೇಲೆ ಒಂದೊಂದೇ ಬದಲಾವಣೆ ಮಾಡುತ್ತಾ, ಪ್ರತಿ ಸಲ ಪರೀಕ್ಷಿಸಿ.

ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆಯೇ? ಜಿಫ್‌ನಲ್ಲಿ ಒಂದು ಚುಕ್ಕಿ ಪೂರ್ತಿ ಪಾರದರ್ಶಕ ಇರಬೇಕು ಇಲ್ಲವೇ ಪೂರ್ತಿ ಬಣ್ಣ ಇರಬೇಕು, ನಡುವಿನ ಸ್ಥಿತಿ ಇಲ್ಲ. ಹಾಗಾಗಿ ಬಿಳಿ ಹಿನ್ನೆಲೆಗೆ ಮಾಡಿದ ಜಿಫ್ ಕಪ್ಪು ಸ್ಲೈಡಿನ ಮೇಲೆ ಹರಕಾಗಿ ಕಾಣುತ್ತದೆ. ಸ್ಲೈಡಿನ ಹಿನ್ನೆಲೆಯನ್ನೇ ಬಿಳಿ ಮಾಡುವುದು ಸುಲಭದ ಪರಿಹಾರ.

ಇನ್ನೂ ಅನುಮಾನವಿದ್ದರೆ ಒಂದು ಪತ್ತೇದಾರಿ ಕೆಲಸ ಮಾಡಬಹುದು. ಪವರ್‌ಪಾಯಿಂಟ್ ಫೈಲ್ ನಿಜಕ್ಕೂ ಒಂದು ಜಿಪ್ ಗಂಟು. ಅದರ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯ ಹೆಸರಿನ ಕೊನೆಯ ಪಿಪಿಟಿಎಕ್ಸ್ ತೆಗೆದು ಜಿಪ್ ಎಂದು ಬರೆದು ತೆರೆಯಿರಿ. ಇಲ್ಲಿ ಹೆಸರು ಬದಲಾಯಿಸುವುದು ಫಲಿಸುತ್ತದೆ, ಏಕೆಂದರೆ ಒಳಗಿನ ಸರಕು ಮೊದಲಿನಿಂದಲೂ ಜಿಪ್ಪೇ. ಪಿಪಿಟಿ ಎಂಬ ಫೋಲ್ಡರಿನೊಳಗೆ ಮೀಡಿಯಾ ಎಂಬ ಫೋಲ್ಡರ್ ಇದೆ. ನಿಮ್ಮ ಚಿತ್ರ ಅಲ್ಲಿ ಜಿಐಎಫ್ ಆಗಿ ಕೂತಿದೆಯೋ, ಪಿಎನ್‌ಜಿ ಆಗಿಬಿಟ್ಟಿದೆಯೋ ನೋಡಬಹುದು. ಪಿಎನ್‌ಜಿ ಆಗಿದ್ದರೆ ಚಲನೆ ಆಗಲೇ ಕಳೆದುಹೋಗಿದೆ, ಮತ್ತೆ ಸೇರಿಸಬೇಕು.

ಫೈಲ್ ಇಷ್ಟು ದಪ್ಪ ಏಕೆ?

ಲೆಕ್ಕ ಹಾಕಿ ನೋಡೋಣ. 480 ಚುಕ್ಕಿ ಅಗಲ, 270 ಚುಕ್ಕಿ ಎತ್ತರದ ಒಂದು ಸಣ್ಣ ಜಿಫ್. ಒಂದು ಚೌಕಟ್ಟಿಗೆ 1,29,600 ಚುಕ್ಕಿ. ಸೆಕೆಂಡಿಗೆ 15 ಚೌಕಟ್ಟಿನಂತೆ 6 ಸೆಕೆಂಡ್ ಎಂದರೆ 90 ಚೌಕಟ್ಟು. ಚುಕ್ಕಿಗೆ ಒಂದು ಬೈಟ್ ಹಿಡಿದರೂ ಒಟ್ಟು 1,16,64,000 ಬೈಟ್, ಅಂದರೆ ಒತ್ತುವ ಮೊದಲು ಸುಮಾರು 11.7 ಎಂಬಿ. ಇದನ್ನೇ ಪೂರ್ಣ ಎಚ್‌ಡಿ ಅಳತೆಗೆ, 1920 ಮತ್ತು 1080ಕ್ಕೆ ಏರಿಸಿದರೆ ಸುಮಾರು 187 ಎಂಬಿ! ಒತ್ತಿದ ಮೇಲೆ ಕಡಿಮೆಯಾಗುತ್ತದೆ ನಿಜ, ಎಷ್ಟು ಕಡಿಮೆ ಎಂಬುದು ಚಿತ್ರದ ಮೇಲೆ ನಿಂತಿದೆ. ಒಂದೇ ಬಣ್ಣದ ದೊಡ್ಡ ದೊಡ್ಡ ಜಾಗಗಳಿರುವ ರೇಖಾಚಿತ್ರ ಚೆನ್ನಾಗಿ ಕುಗ್ಗುತ್ತದೆ, ಫೋಟೋದಂಥ ದೃಶ್ಯ ಕುಗ್ಗುವುದಿಲ್ಲ.

ಈ ಲೆಕ್ಕದಲ್ಲೇ ಪರಿಹಾರವೂ ಇದೆ. ಅಗಲ ಎತ್ತರ ಎರಡನ್ನೂ ಅರ್ಧ ಮಾಡಿದರೆ ಚುಕ್ಕಿಗಳು ಕಾಲುಭಾಗಕ್ಕೆ ಇಳಿಯುತ್ತವೆ. ಸೆಕೆಂಡಿಗೆ 15ರ ಬದಲು 10 ಚೌಕಟ್ಟು ಸಾಕೆಂದರೆ ಮೂರನೇ ಒಂದು ಭಾಗ ಉಳಿತಾಯ. ಬೇಡದ ಆರಂಭ, ಕೊನೆ ಕತ್ತರಿಸಿದರೆ ಇನ್ನೂ ಹಗುರ. ಆದರೆ ಜಿಫ್ ತಯಾರಿಸುವಾಗಲೇ ಹೀಗೆ ಮಾಡಬೇಕು. ಸ್ಲೈಡಿಗೆ ಹಾಕಿದ ಮೇಲೆ ಮೂಲೆ ಹಿಡಿದು ಎಳೆದು ಚಿಕ್ಕದು ಮಾಡಿದರೆ ಕಣ್ಣಿಗಷ್ಟೇ ಚಿಕ್ಕದು, ಫೈಲ್ ಅಷ್ಟೇ ಇರುತ್ತದೆ. ಕ್ಯಾಮೆರಾದ ದೃಶ್ಯವಾದರೆ ಜಿಫ್ ಬಿಟ್ಟು ಎಂಪಿ4 ಬಳಸುವುದೇ ಜಾಣತನ.

ನಂಬಿಕೆ 3: "ಗುಡ್ ಮಾರ್ನಿಂಗ್ ಚಿತ್ರ ತೆರೆದರೆ ಬ್ಯಾಂಕ್ ಹಣ ಮಾಯ"

ವಾಸ್ತವ: ಈ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಶಾಂಘೈನ ಯಾವುದೋ ಸುದ್ದಿ ಸಂಸ್ಥೆ ಎಚ್ಚರಿಕೆ ಕೊಟ್ಟಿದೆ, ಶುಭೋದಯದ ಚಿತ್ರಗಳಲ್ಲಿ ಹ್ಯಾಕರ್‌ಗಳು ಗುಟ್ಟಾಗಿ ಸಂಕೇತ ಅಡಗಿಸಿದ್ದಾರೆ, ಎಲ್ಲ ಅಳಿಸಿ ಎನ್ನುವುದು ಅದರ ಸಾರ. ಇದನ್ನು ಸುದ್ದಿ ಪರಿಶೀಲಕರು ಹಲವು ಬಾರಿ ಸುಳ್ಳೆಂದು ತೋರಿಸಿದ್ದಾರೆ. ಜಿಫ್ ಫೈಲಿನಲ್ಲಿ ಇರುವುದು ಬಣ್ಣದ ಮಾಹಿತಿ. ಅದು ತಾನಾಗಿ ಓಡಾಡಿ ನಿಮ್ಮ ಪಿನ್ ನಂಬರ್ ಓದುವ ಪ್ರೋಗ್ರಾಂ ಅಲ್ಲ.

ಹಾಗಾದರೆ ಆ ಒಂದು ಚೂರು ನಿಜ ಯಾವುದು? ಚಿತ್ರ ನಿರಪಾಯ, ಆದರೆ ಚಿತ್ರ ತೆರೆಯುವ ಆ್ಯಪ್‌ನಲ್ಲಿ ದೋಷ ಇರಬಹುದು. 2019ರ ಅಕ್ಟೋಬರಿನಲ್ಲಿ ಅಂಥ ಒಂದು ದೋಷ ಬಹಿರಂಗವಾಯಿತು. ಆಂಡ್ರಾಯ್ಡ್ ವಾಟ್ಸ್‌ಆ್ಯಪ್ ಜಿಫ್‌ಗಳನ್ನು ಓದುವ ಭಾಗದಲ್ಲಿದ್ದ ತಪ್ಪನ್ನು, ಬೇಕೆಂದೇ ಕೆಡಿಸಿ ತಯಾರಿಸಿದ ಜಿಫ್ ಬಳಸಿಕೊಳ್ಳಬಹುದಾಗಿತ್ತು. 2.19.244 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. 2021ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್, ಐಫೋನ್ ಮೇಲಿನ ಒಂದು ಗೂಢಚಾರಿ ದಾಳಿಯನ್ನು ಪತ್ತೆ ಮಾಡಿತು. ಅಲ್ಲಿ ಬಂದ ಫೈಲುಗಳಿಗೆ ಜಿಐಎಫ್ ಎಂಬ ಹೆಸರಿತ್ತು, ಒಳಗಿದ್ದದ್ದು ಬೇರೆ ಬಗೆಯ ಫೈಲು. ಆ ಸೆಪ್ಟೆಂಬರಿನಲ್ಲೇ ಆ್ಯಪಲ್ ಅದಕ್ಕೆ ಪರಿಹಾರ ಬಿಡುಗಡೆ ಮಾಡಿತು. ಅದು ಆಯ್ದ ವ್ಯಕ್ತಿಗಳನ್ನು ಗುರಿಯಾಗಿಸಿದ ದಾಳಿ, ಗ್ರೂಪಿನಲ್ಲಿ ಎಲ್ಲರಿಗೂ ಬರುವ ಹೂವಿನ ಚಿತ್ರವಲ್ಲ.

ಎರಡೂ ಕಥೆಗಳ ಪಾಠ ಒಂದೇ: ಚಿತ್ರ ಅಳಿಸುವುದಲ್ಲ, ಫೋನು ಮತ್ತು ಆ್ಯಪ್ ಅಪ್‌ಡೇಟ್ ಮಾಡುವುದು ಮುಖ್ಯ.

ನಿಜಕ್ಕೂ ಹೆದರಬೇಕಾದದ್ದು ಚಿತ್ರದ ವೇಷ ತೊಟ್ಟ ಪ್ರೋಗ್ರಾಂಗಳಿಗೆ. ಮದುವೆ ಕರೆಯೋಲೆ ಎಂದು ಬರುವ ಫೈಲಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಆ್ಯಪ್, ಚಿತ್ರವಲ್ಲ. ಮುಟ್ಟಬೇಡಿ. ಕಂಪ್ಯೂಟರಿನಲ್ಲಿ ಹೆಸರಿನ ಕೊನೆಗೆ ಇಎಕ್ಸ್‌ಇ ಇದ್ದರೂ ಹಾಗೆಯೇ. ವಿಂಡೋಸ್ ಈ ಕೊನೆಯ ಅಕ್ಷರಗಳನ್ನು ಸಾಮಾನ್ಯವಾಗಿ ಮರೆಮಾಡಿರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿಕೊಂಡರೆ ಕಾಣುತ್ತವೆ. ಅಪರಿಚಿತರು ಕಳಿಸಿದ ಪ್ರೆಸೆಂಟೇಶನ್ ತೆರೆದಾಗ ಮ್ಯಾಕ್ರೋ ಎನೇಬಲ್ ಮಾಡಿ ಎಂದು ಕೇಳಿದರೆ ಒಪ್ಪಬೇಡಿ. ಜಿಫ್ ಓಡಲು ಮ್ಯಾಕ್ರೋ ಬೇಕಾಗಿಲ್ಲ.

ಯಾರೂ ಫಾರ್ವರ್ಡ್ ಮಾಡದ ಎಚ್ಚರಿಕೆ: ಮಿನುಗುವ ಚಿತ್ರ

1997ರ ಡಿಸೆಂಬರ್ 16ರ ಸಂಜೆ ಜಪಾನಿನ ಟಿವಿಯಲ್ಲಿ ಪೊಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಒಂದು ಸ್ಫೋಟದ ದೃಶ್ಯದಲ್ಲಿ ಕೆಂಪು ಮತ್ತು ನೀಲಿ ಬಣ್ಣ ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದವು. ಕೆಲವೇ ಸೆಕೆಂಡುಗಳ ದೃಶ್ಯ. ಅದನ್ನು ನೋಡಿದ ಸುಮಾರು 685 ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಕೆಲವರಿಗೆ ಮೂರ್ಛೆ, ಕೆಲವರಿಗೆ ತಲೆಸುತ್ತು, ವಾಂತಿ. ಕಾರ್ಯಕ್ರಮ ನಾಲ್ಕು ತಿಂಗಳು ನಿಂತುಹೋಯಿತು.

ಜಿಫ್‌ನಿಂದಲೂ ಹೀಗಾಗಿದೆ. 2016ರ ಡಿಸೆಂಬರಿನಲ್ಲಿ, ಮೂರ್ಛೆ ರೋಗವಿದ್ದ ಅಮೆರಿಕದ ಪತ್ರಕರ್ತ ಕರ್ಟ್ ಐಕನ್‌ವಾಲ್ಡ್ ಅವರಿಗೆ ಯಾರೋ ಬೇಕೆಂದೇ ಟ್ವಿಟರಿನಲ್ಲಿ ಮಿನುಗುವ ಜಿಫ್ ಕಳಿಸಿದರು. ಅದನ್ನು ನೋಡಿ ಅವರಿಗೆ ಮೂರ್ಛೆ ಬಂತು. ಕಳಿಸಿದಾತನನ್ನು ಮುಂದೆ ಬಂಧಿಸಲಾಯಿತು.

ಮೂರ್ಛೆ ರೋಗ ಇರುವವರಲ್ಲಿ ಸುಮಾರು ನೂರಕ್ಕೆ ಮೂವರಿಗೆ ಬೆಳಕಿನ ಮಿನುಗು ತೊಂದರೆ ಕೊಡುತ್ತದೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಹೆಚ್ಚು. ಎಷ್ಟೋ ಮಕ್ಕಳಿಗೆ ಮೊದಲ ಬಾರಿ ಮೂರ್ಛೆ ಬರುವವರೆಗೆ ತಮಗೆ ಈ ತೊಂದರೆ ಇದೆ ಎಂದು ಗೊತ್ತೇ ಇರುವುದಿಲ್ಲ. ಕತ್ತಲೆ ಮಾಡಿದ ತರಗತಿ, ಗೋಡೆ ತುಂಬ ದೊಡ್ಡ ಪರದೆ, ಮುಂದಿನ ಬೆಂಚಿನಲ್ಲಿ ಕೂತ ಮಗು: ಫೋನಿನಲ್ಲಿ ಚಿಕ್ಕದಾಗಿ ನೋಡುವುದಕ್ಕಿಂತ ಇಲ್ಲಿ ಅಪಾಯ ಹೆಚ್ಚು.

ಅಂತರ್ಜಾಲದ ವಿಷಯಗಳಿಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಸರಳವಾಗಿದೆ. ಯಾವುದೂ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಮಿನುಗಬಾರದು. ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಓಡುತ್ತಲೇ ಇರುವ ಚಿತ್ರವನ್ನು ನಿಲ್ಲಿಸುವ ಅವಕಾಶ ಇರಬೇಕು. ಇದನ್ನೇ ನಿಮ್ಮ ಸ್ಲೈಡಿಗೂ ಅನ್ವಯಿಸಿ. ಪಟಾಕಿ, ಸಿಡಿಲು, ಡಿಸ್ಕೋ ದೀಪದಂಥ ಜಿಫ್ ತರಗತಿಗೆ ಬೇಡ. ಕೋಣೆಯ ಒಂದೆರಡು ದೀಪ ಉರಿಯುತ್ತಿರಲಿ. ಏನಾದರೂ ಎಡವಟ್ಟಾದರೆ ಸ್ಲೈಡ್ ಶೋ ನಡುವೆ ಕೀಬೋರ್ಡಿನ ಬಿ ಕೀಲಿ ಒತ್ತಿ, ಪರದೆ ತಕ್ಷಣ ಕಪ್ಪಾಗುತ್ತದೆ. ಯಾರಿಗಾದರೂ ಮಿನುಗು ನೋಡಿ ಹೇಗೋ ಆಗುತ್ತಿದೆ ಎಂದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಮುಖ ತಿರುಗಿಸಲಿ.

ಮೂರ್ಛೆ ಬಂದೇಬಿಟ್ಟರೆ? ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಚಪ್ಪಲಿಯನ್ನೋ ಈರುಳ್ಳಿಯನ್ನೋ ಮೂಸಿಸುವುದು ನಮ್ಮಲ್ಲಿ ಇನ್ನೂ ಇದೆ. ಇದರಿಂದ ಯಾವ ಉಪಯೋಗವೂ ಇಲ್ಲ. ಮೂರ್ಛೆ ಹೆಚ್ಚಿನ ಸಲ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕಬ್ಬಿಣದಿಂದ ನಿಂತಿತು ಎಂದು ಜನ ನಂಬುತ್ತಾರೆ ಅಷ್ಟೇ. ಮಾಡಬೇಕಾದ್ದು ಇಷ್ಟು:

• ಸುತ್ತಲಿನ ಬೆಂಚು, ಚೂಪಾದ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ.
• ಕುತ್ತಿಗೆಯ ಬಳಿ ಬಟ್ಟೆ ಸಡಿಲಿಸಿ, ಆದಷ್ಟು ಬೇಗ ಒಂದು ಪಕ್ಕಕ್ಕೆ ಮಲಗಿಸಿ.
• ಬಾಯಿಗೆ ಏನನ್ನೂ ಹಾಕಬೇಡಿ, ನೀರೂ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ.
• ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ, ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಕರೆ ಮಾಡಿ.

ಓಡುವ ಚಿತ್ರ ಹಾಕಿದರೆ ಪಾಠ ಚೆನ್ನಾಗಿ ತಲೆಗೆ ಹೋಗುತ್ತದೆಯೇ?

ಹೌದು ಮತ್ತು ಇಲ್ಲ. 2007ರಲ್ಲಿ ಹಾಫ್ಲರ್ ಮತ್ತು ಲಾಯ್ಟ್ನರ್ ಎಂಬ ಸಂಶೋಧಕರು 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಟ್ಟಾರೆಯಾಗಿ ನಿಂತ ಚಿತ್ರಕ್ಕಿಂತ ಚಲಿಸುವ ಚಿತ್ರ ಸ್ವಲ್ಪ ಮೇಲು ಎಂದು ಕಂಡಿತು. ಆದರೆ ಚಲನೆಯೇ ಕಲಿಯಬೇಕಾದ ವಿಷಯವಾಗಿದ್ದಾಗ ಲಾಭ ಹೆಚ್ಚು, ಉದಾಹರಣೆಗೆ ಗಂಟು ಹಾಕುವುದು, ಯಂತ್ರ ಜೋಡಿಸುವಂಥ ಕೈಕೆಲಸ. ಬರೀ ಅಲಂಕಾರಕ್ಕೆ ಹಾಕಿದ ಚಲನೆಯಿಂದ ಅಂಥ ಲಾಭ ಕಾಣಲಿಲ್ಲ. ಅದಕ್ಕೂ ಮೊದಲು, 2002ರಲ್ಲಿ ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು ಎತ್ತಿ ತೋರಿಸಿದ ಸಮಸ್ಯೆ ಎಂದರೆ, ಚಲನೆ ಬಹಳ ವೇಗವಾಗಿದ್ದರೆ ಅಥವಾ ಜಟಿಲವಾಗಿದ್ದರೆ ನೋಡುವವರ ಕೈಗೆ ಸಿಗದೆ ಜಾರಿಹೋಗುತ್ತದೆ.

ನಮ್ಮ ಕಣ್ಣು ಚಲನೆಯತ್ತ ತಾನಾಗಿ ಹೊರಳುತ್ತದೆ. ನೀವು ಎಡಗಡೆಯ ಸಾಲನ್ನು ವಿವರಿಸುತ್ತಿರುವಾಗ ಬಲಗಡೆಯ ಮೂಲೆಯಲ್ಲಿ ಬೆಕ್ಕು ಚಪ್ಪಾಳೆ ತಟ್ಟುತ್ತಿದ್ದರೆ ತರಗತಿ ನೋಡುವುದು ಬೆಕ್ಕನ್ನು. ಆದ್ದರಿಂದ ಒಂದು ಸರಳ ಪರೀಕ್ಷೆ: "ಈ ಚಲನೆಯನ್ನು ನಿಲ್ಲಿಸಿದರೆ ಪಾಠದಲ್ಲಿ ಏನಾದರೂ ಕಳೆದುಹೋಗುತ್ತದೆಯೇ?" ಹೃದಯದ ಕವಾಟ, ಗ್ರಹಣ, ನಾಲ್ಕು ಹೊಡೆತದ ಎಂಜಿನ್, ಹೊಲಿಗೆ ಯಂತ್ರ ಗಂಟು ಹಾಕುವ ರೀತಿ: ಇಲ್ಲೆಲ್ಲ ಕಳೆದುಹೋಗುತ್ತದೆ. ಕುಣಿಯುವ "ಧನ್ಯವಾದಗಳು" ಅಕ್ಷರ ನಿಂತರೆ ಏನೂ ಕಳೆಯುವುದಿಲ್ಲ.

ಒಳ್ಳೆಯ ಜಿಫ್ ಎಲ್ಲಿ ಸಿಗುತ್ತದೆ? ವಿಕಿಮೀಡಿಯಾ ಕಾಮನ್ಸ್‌ನಲ್ಲಿ ವಿಜ್ಞಾನದ ನೂರಾರು ಜಿಫ್‌ಗಳಿವೆ, ಪ್ರತಿಯೊಂದರ ಕೆಳಗೆ ಬಳಕೆಯ ಷರತ್ತು ಬರೆದಿರುತ್ತದೆ. ನಾಸಾದ ಚಿತ್ರಗಳನ್ನು ಪಾಠಕ್ಕೆ ಸಾಮಾನ್ಯವಾಗಿ ಮುಕ್ತವಾಗಿ ಬಳಸಬಹುದು, ಮೂಲದ ಹೆಸರು ಹಾಕಿದರೆ ಸಾಕು. ಬೇಕಾದ್ದು ಎಲ್ಲೂ ಸಿಗದಿದ್ದರೆ ನೀವೇ ಮಾಡಬಹುದು. ಮೈಕ್ರೋಸಾಫ್ಟ್ 365ರ ಪವರ್‌ಪಾಯಿಂಟಿನಲ್ಲಿ ಫೈಲ್, ಎಕ್ಸ್‌ಪೋರ್ಟ್, ಕ್ರಿಯೇಟ್ ಆ್ಯನ್ ಆನಿಮೇಟೆಡ್ ಜಿಫ್ ಎಂಬ ದಾರಿಯಿದೆ. ಚಂದ್ರನ ಎಂಟು ಹಂತಗಳನ್ನು ಎಂಟು ಸ್ಲೈಡಿನಲ್ಲಿ ಬರೆದು ಹೀಗೆ ಉಳಿಸಿದರೆ, ಸ್ವಂತ ಕೈಯ, ಕನ್ನಡದ ಹೆಸರುಗಳಿರುವ ಜಿಫ್ ಸಿದ್ಧ.

ಗ್ರೂಪಿಗೆ ಫಾರ್ವರ್ಡ್ ಮಾಡಬಹುದಾದ ಸಾರಾಂಶ

• ವಾಟ್ಸ್‌ಆ್ಯಪ್‌ನ ಜಿಫ್ ವಾಸ್ತವದಲ್ಲಿ ಎಂಪಿ4 ವಿಡಿಯೋ. ಸ್ಲೈಡಿಗೆ ವಿಡಿಯೋ ಆಗಿ ಹಾಕಿ, ಲೂಪ್ ಆನ್ ಮಾಡಿ.
• ನಿಜವಾದ ಜಿಫ್ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.
• ಹೆಸರು ಬದಲಾಯಿಸಿದರೆ ವಿಡಿಯೋ ಜಿಫ್ ಆಗುವುದಿಲ್ಲ. ಸ್ಕ್ರೀನ್‌ಶಾಟ್ ಮತ್ತು ಪಿಡಿಎಫ್‌ನಲ್ಲಿ ಜಿಫ್ ಓಡುವುದಿಲ್ಲ.
• ಹೂವಿನ ಜಿಫ್ ಬ್ಯಾಂಕ್ ಖಾತೆ ಖಾಲಿ ಮಾಡುವುದಿಲ್ಲ. ಆ್ಯಪ್ ಅಪ್‌ಡೇಟ್ ಮಾಡಿ, ಎಪಿಕೆ ಫೈಲ್ ಮುಟ್ಟಬೇಡಿ.
• ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗುವ ಚಿತ್ರವನ್ನು ತರಗತಿಯಲ್ಲಿ ತೋರಿಸಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ.
• ಕಾರ್ಯಕ್ರಮದ ಹಿಂದಿನ ದಿನವೇ, ಅಲ್ಲಿ ಬಳಸುವ ಕಂಪ್ಯೂಟರಿನಲ್ಲೇ, ಸ್ಲೈಡ್ ಶೋ ಒಮ್ಮೆ ಓಡಿಸಿ ನೋಡಿ.